ಎಪಿಪಿ-ಕಮ್-ಎಜಿಪಿ ಹುದ್ದೆಯಲ್ಲಿ ಸಿವಿಲ್ ಕೇಸು, ಮಕ್ಕಳ ಕೇಸು ಹೇಗಿರುತ್ತವೆ?

ಎಪಿಪಿ-ಕಮ್-ಎಜಿಪಿ, ಅಂದರೆ ಸಹಾಯಕ ಸರ್ಕಾರಿ ಅಭಿಯೋಜಕ ಹಾಗೂ ಸಹಾಯಕ ಸರ್ಕಾರಿ ವಕೀಲರ ಪರೀಕ್ಷೆಗೆ ಓದುತ್ತಿದ್ದೀರಿ. ಕ್ರಿಮಿನಲ್ ಕಡೆಯ ಕೆಲಸ ಅಂದಾಜಿದೆ, ಸಿವಿಲ್ ಮತ್ತು ಬಾಲ ನ್ಯಾಯ ಮಂಡಳಿಯ (ಅಪರಾಧದ ಆರೋಪ ಹೊತ್ತ ಮಕ್ಕಳ ಕೇಸು ನಡೆಸುವ ಮಂಡಳಿ) ಕೆಲಸ ಹೇಗೆ ಅಂತ ಕೇಳಿದ್ದೀರಿ. ನಾನು ಅದೇ ಹುದ್ದೆಯಲ್ಲಿದ್ದೇನೆ. ತಾಲ್ಲೂಕು ಕೋರ್ಟು, ಜೊತೆಗೆ ಜಿಲ್ಲಾ ಕೇಂದ್ರದ ಮಂಡಳಿಯ ಹೆಚ್ಚುವರಿ ಪ್ರಭಾರ. ಅದಕ್ಕೆ ಬರೆಯುತ್ತಿದ್ದೇನೆ.

ಕ್ರಿಮಿನಲ್ ಕೇಸಿನಲ್ಲಿ ಪೊಲೀಸರು ಫೈಲು ಹಿಡಿದುಕೊಂಡು ನಿಮ್ಮ ಹತ್ತಿರ ಬರುತ್ತಾರೆ. ಸಿವಿಲ್‌ನಲ್ಲಿ ಯಾರೂ ಬರುವುದಿಲ್ಲ. ನಿಮ್ಮ ಕಕ್ಷಿದಾರರಾದ ಸರ್ಕಾರಿ ಇಲಾಖೆಯವರನ್ನು ನೀವೇ ಹುಡುಕಿಕೊಂಡು ಹೋಗಬೇಕು.

ತಾಲ್ಲೂಕಿನಲ್ಲಿ ಸರ್ಕಾರದ ಸಿವಿಲ್ ಕೇಸು ಅಂದರೆ ಬಹುಪಾಲು ಜಮೀನು. ಗೋಮಾಳ, ಕೆರೆ ಅಂಗಳ, ಬಗರ್ ಹುಕುಂ, ದಾರಿ. ಒತ್ತುವರಿ ತೆರವು ಮಾಡಬಾರದು ಅಂತ ಯಾರೋ ತಹಶೀಲ್ದಾರರ ಮೇಲೆ ದಾವೆ ಹಾಕಿ ತಡೆಯಾಜ್ಞೆ ಕೇಳುತ್ತಾರೆ. ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) 80ನೇ ಸೆಕ್ಷನ್ ಪ್ರಕಾರ ಸರ್ಕಾರದ ಮೇಲೆ ದಾವೆ ಹೂಡುವ ಮೊದಲು 2 ತಿಂಗಳ ನೋಟಿಸ್ ಕೊಡಬೇಕು. ಇಲಾಖೆ ಕೂತು ಯೋಚಿಸಲಿ, ತಪ್ಪಿದ್ದರೆ ಸರಿಮಾಡಲಿ ಅಂತಲೇ ಆ ಗಡುವು. ಆದರೆ ನೋಟಿಸು ಟಪಾಲಿನಲ್ಲಿ ಸೇರಿ ಒಬ್ಬ ಗುಮಾಸ್ತರ ಮೇಜಿನ ಮೇಲೆ ಸುಮ್ನೆ ಕೂರುತ್ತದೆ. ಇಲ್ಲವೇ ವಾದಿ ತುರ್ತು ಅಂತ 80(2)ರ ಅರ್ಜಿ ಹಾಕಿ ನೋಟಿಸೇ ಕೊಡದೆ ಬರುತ್ತಾರೆ. ಹೇಗೇ ಆದರೂ ನಿಮಗೆ ಗೊತ್ತಾಗುವುದು ಸಮನ್ಸ್ ಬಂದ ಮೇಲೆ.

ಆಮೇಲೆ ಪ್ಯಾರಾವೈಸ್ ರಿಮಾರ್ಕ್ಸ್‌ಗಾಗಿ, ಅಂದರೆ ದಾವೆಯ ಒಂದೊಂದು ಪ್ಯಾರಾಕ್ಕೂ ಇಲಾಖೆಯ ಉತ್ತರಕ್ಕಾಗಿ, ಪತ್ರ, ಜ್ಞಾಪನ ಪತ್ರ, ಫೋನು. ಕೊನೆಗೆ ಬರುವ ಉತ್ತರ ಒಮ್ಮೊಮ್ಮೆ ಒಂದೇ ಸಾಲು: 'ವಾದಿಯ ಹೇಳಿಕೆ ಸತ್ಯಕ್ಕೆ ದೂರ, ದಾವೆ ವಜಾ ಮಾಡಿಸಲು ಕೋರಿದೆ.' ಇದನ್ನಿಟ್ಟುಕೊಂಡು ಲಿಖಿತ ಹೇಳಿಕೆ ಬರೆಯೋಕಾಗಲ್ಲ, ಅಲ್ವಾ? ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ನಾನೇ ಹೋಗುತ್ತೇನೆ.

ಅಲ್ಲಿ ಏನು ನೋಡುತ್ತೇನೆ ಅನ್ನೋದಕ್ಕೆ ಒಂದು ಉದಾಹರಣೆ. ವಾದಿ ಹಳೆಯ ಸಾಗುವಳಿ ಚೀಟಿ (ಸರ್ಕಾರಿ ಜಮೀನು ಮಂಜೂರಾದ ಪತ್ರ) ಹಾಜರುಪಡಿಸಿದ್ದಾರೆ ಅಂದುಕೊಳ್ಳಿ. ಜಮೀನು ಮಂಜೂರಾತಿ ಬರೆದಿಡುವ ದರಖಾಸ್ತು ರಿಜಿಸ್ಟರಿನಲ್ಲಿ ಆ ನಂಬರು ಇದೆಯಾ? ಇದ್ದರೆ ಅದೇ ಹೆಸರಾ, ಅಷ್ಟೇ ಎಕರೆ-ಗುಂಟೆಯಾ? ಸಹಿ ಹಾಕಿದ ತಹಶೀಲ್ದಾರರು ಆ ವರ್ಷ ಈ ತಾಲ್ಲೂಕಿನಲ್ಲೇ ಇದ್ದರಾ? ಇದಕ್ಕೆ ಕಚೇರಿಯ ಗೋಡೆಯಲ್ಲಿ ತೂಗುಹಾಕಿದ ಹಿಂದಿನ ಅಧಿಕಾರಿಗಳ ಹೆಸರಿನ ಬೋರ್ಡು ಸಾಕು. ಎಷ್ಟೋ ಚೀಟಿಗಳ ಬಣ್ಣ ಆ ಬೋರ್ಡಿನ ಮುಂದೆಯೇ ಬಯಲಾಗುತ್ತದೆ. ಹಾಗಂತ ಎಲ್ಲಾ ಚೀಟಿ ಖೋಟಾ ಅಲ್ಲ. ಮಂಜೂರಾತಿ ನಿಜವಾಗಿದ್ದು ಪಹಣಿಯಲ್ಲಿ ಮಾತ್ರ ಹೆಸರು ಏರಿಲ್ಲದ ಬಡವರೂ ಬರುತ್ತಾರೆ. ಅಂಥ ಕೇಸಿನಲ್ಲಿ 'ನಮ್ಮ ಕೇಸು ನಿಲ್ಲಲ್ಲ ಸಾರ್' ಅಂತ ತಹಶೀಲ್ದಾರರಿಗೆ ಬರಹದಲ್ಲೇ ತಿಳಿಸುತ್ತೇನೆ. ಅವರಿಗೆ ಇಷ್ಟವಾಗದಿರಬಹುದು. ನನ್ನ ಪ್ರಕಾರ ಸರ್ಕಾರಿ ವಕೀಲರ ಕೆಲಸದಲ್ಲಿ ಅತಿ ಮುಖ್ಯವಾದದ್ದು ಈ ಪತ್ರವೇ.

ಸೋತರೆ ಜಿಲ್ಲೆಯೊಳಗಿನ ಮೇಲಿನ ಕೋರ್ಟಿಗೆ ಮೇಲ್ಮನವಿ ಹಾಕಲು 30 ದಿನ. ಫೈಲು ಮೇಜಿಂದ ಮೇಜಿಗೆ ಓಡಾಡಿತು ಅನ್ನುವ ನೆಪ ವಿಳಂಬಕ್ಕೆ ಸಾಲದು ಅಂತ ಸುಪ್ರೀಂ ಕೋರ್ಟ್ 2012ರಲ್ಲೇ ಪೋಸ್ಟ್‌ಮಾಸ್ಟರ್ ಜನರಲ್ ಕೇಸಿನಲ್ಲಿ ಹೇಳಿದೆ. ಆದೇಶದ ನಕಲಿಗೆ ಅದೇ ದಿನ ಅರ್ಜಿ ಹಾಕುವ ಅಭ್ಯಾಸ ಮಾಡಿಕೊಳ್ಳಿ. ಸರ್ಕಾರ ಭೂಸ್ವಾಧೀನ ಪರಿಹಾರ ಕಟ್ಟದಿದ್ದಾಗ ಕೋರ್ಟಿನ ಅಮೀನರು ಬಂದು ಸರ್ಕಾರಿ ಜೀಪು, ಕುರ್ಚಿ ಜಪ್ತಿ ಮಾಡುವ ಸುದ್ದಿ ಓದಿರುತ್ತೀರಿ. ಆ ಕೇಸುಗಳು ಹೆಚ್ಚಾಗಿ ಜಿಲ್ಲಾ ಸರ್ಕಾರಿ ವಕೀಲರ ಪಾಲು.

ಇನ್ನೊಂದು ಬಗೆ ಜನ್ಮದಿನಾಂಕ ತಿದ್ದುಪಡಿಯ ದಾವೆ. ನಮ್ಮ ಹಳ್ಳಿ ಶಾಲೆಗಳಲ್ಲಿ ಎಷ್ಟು ಮಕ್ಕಳು ಜೂನ್ 1ಕ್ಕೆ ಹುಟ್ಟಿದ್ದಾರೋ ನಿಮಗೇ ಗೊತ್ತು. ಸೇರಿಸುವಾಗ ಮೇಷ್ಟ್ರು ಬರೆದ ತಾರೀಖು ಅದು. ಸಿವಿಲ್ ಕೋರ್ಟಿನಲ್ಲಿ ಅದರಿಂದ ಒಂದು ನೌಕರಿ, ಒಂದು ಪಾಸ್‌ಪೋರ್ಟು ತಡವಾಗಬಹುದು. ಬಾಲ ನ್ಯಾಯ ಮಂಡಳಿಯಲ್ಲಿ ಅದೇ ತಾರೀಖಿನಿಂದ ಹುಡುಗ ಮಂಡಳಿಗೋ ಜೈಲಿಗೋ ಅನ್ನೋದು ತೀರ್ಮಾನವಾಗುತ್ತದೆ.

2015ರ ಬಾಲ ನ್ಯಾಯ ಕಾಯ್ದೆಯ 94ನೇ ಸೆಕ್ಷನ್ ವಯಸ್ಸಿನ ದಾಖಲೆಗೆ ಒಂದು ಕ್ರಮ ಹಾಕಿದೆ. ಮೊದಲು ಶಾಲೆಯ ಜನ್ಮದಿನಾಂಕ ಪ್ರಮಾಣಪತ್ರ ಅಥವಾ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಅದಿಲ್ಲದಿದ್ದರೆ ನಗರಸಭೆ, ಪಂಚಾಯಿತಿಯ ಜನನ ಪ್ರಮಾಣಪತ್ರ, ಎರಡೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ. ಬರೀ ಟಿಸಿ ತಂದರೆ ಸಾಲದು ಅಂತ ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಈ ಕ್ರಮವನ್ನು ಬಾಯಿಪಾಠ ಮಾಡಿಕೊಳ್ಳಿ, ಪರೀಕ್ಷೆಗೂ ಬರುತ್ತದೆ.

ಮಂಡಳಿ ಕೋರ್ಟಿನ ಹಾಗಿರುವುದಿಲ್ಲ. ಎತ್ತರದ ವೇದಿಕೆ ಇಲ್ಲ, ಕಟಕಟೆ ಇಲ್ಲ. ಪ್ರಧಾನ ಮ್ಯಾಜಿಸ್ಟ್ರೇಟರ ಜೊತೆ ಇಬ್ಬರು ಸಮಾಜ ಕಾರ್ಯಕರ್ತರು ಕೂರುತ್ತಾರೆ. ಅವರಲ್ಲಿ ಒಬ್ಬರಾದರೂ ಮಹಿಳೆ ಇರಲೇಬೇಕು. ಜಾಮೀನಿನಲ್ಲಿ ನಮ್ಮ ಹಳೇ ಚಾಳಿ ಬಿಡಬೇಕಾಗುತ್ತದೆ. ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ಕೋರ್ಟಿನಲ್ಲಿ 'ಅಪರಾಧ ಗಂಭೀರ, ಜಾಮೀನು ಬೇಡ' ಅಂತ ತಕರಾರು ಹಾಕಿ ರೂಢಿ. ಇಲ್ಲಿ 12ನೇ ಸೆಕ್ಷನ್ ಪ್ರಕಾರ ಜಾಮೀನೇ ನಿಯಮ. ಬಿಟ್ಟರೆ ಹುಡುಗ ಅಪರಾಧಿಗಳ ಸಹವಾಸಕ್ಕೆ ಬೀಳುತ್ತಾನಾ, ಅವನಿಗೇ ಅಪಾಯವಾ, ನ್ಯಾಯದ ಉದ್ದೇಶಕ್ಕೇ ಧಕ್ಕೆಯಾ ಅಂತ ಮಾತ್ರ ನೋಡಬೇಕು. ಅದಕ್ಕೆ ಪರಿವೀಕ್ಷಣಾಧಿಕಾರಿಯ (ಪ್ರೊಬೇಷನ್ ಆಫೀಸರ್) ಸಾಮಾಜಿಕ ತನಿಖಾ ವರದಿಯನ್ನು ನಾನು ದೋಷಾರೋಪ ಪಟ್ಟಿಗಿಂತ ಮೊದಲು ಓದುತ್ತೇನೆ. ಅಪ್ಪ ಗುಳೆ ಹೋಗಿದ್ದಾನೆ, ಹುಡುಗ ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಗ್ಯಾರೇಜಿಗೆ ಸೇರಿದ್ದಾನೆ ಅನ್ನುವಂಥ ಸಂಗತಿ ಸಿಗುವುದು ಅದರಲ್ಲೇ.

ಕಷ್ಟದ ಕೇಸುಗಳು 16 ತುಂಬಿದವರ ಹೀನ ಅಪರಾಧದವು. ಅಂದರೆ ಕನಿಷ್ಠ 7 ವರ್ಷ ಶಿಕ್ಷೆ ಇರುವಂಥವು. ಅವನನ್ನು ದೊಡ್ಡವರಂತೆ ವಿಚಾರಣೆ ಮಾಡಬೇಕಾ ಅಂತ 15ನೇ ಸೆಕ್ಷನ್ ಅಡಿ ಮಂಡಳಿ ಅಳೆದು ನೋಡುತ್ತದೆ. ಅಲ್ಲಿ ಕೃತ್ಯ ಎಷ್ಟು ಘೋರ ಅಂತ ವಾದಿಸಿದರೆ ಪ್ರಯೋಜನವಿಲ್ಲ. ಪರಿಣಾಮ ಅರಿಯುವ ಶಕ್ತಿ ಅವನಿಗಿತ್ತಾ ಅನ್ನೋದು ಪ್ರಶ್ನೆ. ಸಂತ್ರಸ್ತರ ಮನೆಯವರು ಹೊರಗೆ ಕಾಯುತ್ತಿರುತ್ತಾರೆ. ಅವರಿಗೆ ಇದನ್ನು ಬಿಡಿಸಿ ಹೇಳುವುದೂ ನಿಮ್ಮ ಕೆಲಸವೇ, ಯಾವ ಪುಸ್ತಕದಲ್ಲೂ ಬರೆದಿಲ್ಲದಿದ್ದರೂ.

ಮಂಡಳಿಯ ಕಲಾಪ ನೋಡೋಕೆ ಹೊರಗಿನವರನ್ನು ಬಿಡುವುದಿಲ್ಲ. ಮಗುವಿನ ಗುರುತು ಬಯಲಾಗಬಾರದು ಅಂತ 74ನೇ ಸೆಕ್ಷನ್ ಇದೆ. ಆದರೆ ಸಿವಿಲ್ ಕೋರ್ಟು ಎಲ್ಲರಿಗೂ ತೆರೆದಿದೆ. ತಡೆಯಾಜ್ಞೆ ಅರ್ಜಿಗಳ ವಾದ ಇರುವ ದಿನ ನಿಮ್ಮ ತಾಲ್ಲೂಕು ಕೋರ್ಟಿನಲ್ಲಿ ಹಿಂದಿನ ಬೆಂಚಲ್ಲಿ ಕೂತು ನೋಡಿ. ಪರೀಕ್ಷೆಗೆ ಸಿಪಿಸಿ 79ರಿಂದ 82, ಆದೇಶ 27 ಬಿಡಬೇಡಿ.