ಬಿ.ಕಾಂ. ನಂತರ ಗೋದಾಮಿನ ಕೆಲಸವೋ, ಡಿಪ್ಲೊಮಾವೋ?

ಬಿ.ಕಾಂ. ಮುಗಿಸಿರುವ ತಾವು ನೆಲಮಂಗಲದ ಗೋದಾಮಿನಲ್ಲಿ ಸಿಕ್ಕಿರುವ ಕೆಲಸಕ್ಕೆ ಸೇರಬೇಕೇ ಅಥವಾ ಸಾಲ ಮಾಡಿ ಪೂರೈಕೆ ಸರಪಳಿ ನಿರ್ವಹಣೆಯ (ಸರಕು ತಯಾರಕರಿಂದ ಗ್ರಾಹಕರಿಗೆ ತಲುಪುವವರೆಗಿನ ವ್ಯವಸ್ಥೆಯನ್ನು ನೋಡಿಕೊಳ್ಳುವ) ಡಿಪ್ಲೊಮಾ ಓದಬೇಕೇ ಎಂದು ಕೇಳಿದ್ದೀರಿ. ದಯವಿಟ್ಟು ಮೊದಲು ಕೆಲಸಕ್ಕೆ ಸೇರಿ. ಲಾರಿಯಿಂದ ಇಳಿದ ಪೆಟ್ಟಿಗೆಗಳನ್ನು ಇನ್‌ವಾಯ್ಸ್‌ನೊಂದಿಗೆ ತಾಳೆ ನೋಡುವುದು, ಕೊರತೆ ಕಂಡರೆ ಅದನ್ನು ಬರೆದು ಚಾಲಕನ ಸಹಿ ಪಡೆಯುವುದು, ಮೊದಲು ಬಂದ ಸರಕನ್ನೇ ಮೊದಲು ಕಳುಹಿಸುವುದು ಇವೆಲ್ಲ ಕೈಗೆ ಹತ್ತಿದ ಮೇಲೆ ಪುಸ್ತಕದಲ್ಲಿರುವ ದಾಸ್ತಾನಿನ ಲೆಕ್ಕಾಚಾರ ತಾನಾಗಿ ಅರ್ಥವಾಗುತ್ತದೆ. ತಮ್ಮ ಜಿಎಸ್‌ಟಿ ಜ್ಞಾನವೂ ಇಲ್ಲಿ ದೊಡ್ಡ ಬಲ: ಸಾಮಾನ್ಯ ಸರಕಿನ ಇ-ವೇ ಬಿಲ್ಲಿಗೆ (ಸರಕು ಸಾಗಿಸುವಾಗ ಜಿಎಸ್‌ಟಿಯಡಿ ಬೇಕಾಗುವ ಆನ್‌ಲೈನ್ ದಾಖಲೆಗೆ) ಪ್ರತಿ 200 ಕಿ.ಮೀ.ಗೆ ಒಂದು ದಿನದ ಅವಧಿಯಿರುವುದರಿಂದ, ಹುಬ್ಬಳ್ಳಿಗೆ ಹೊರಟ ಲಾರಿ ದಾರಿಯಲ್ಲಿ ಕೆಟ್ಟು ನಿಂತರೆ, ಬಿಲ್ಲಿನ ಅವಧಿ ಮುಗಿಯುವ 8 ಗಂಟೆ ಮುಂಚಿನಿಂದ ಮುಗಿದ 8 ಗಂಟೆಯೊಳಗೆ ವಿಸ್ತರಿಸುವಂತೆ ಸಾಗಣೆದಾರರನ್ನು ಎಚ್ಚರಿಸಬಲ್ಲವರು ಬೇಕಾಗುತ್ತಾರೆ. ರಾತ್ರಿ ಪಾಳಿ ಎಷ್ಟಿರುತ್ತದೆ ಎಂಬುದನ್ನು ಮಾತ್ರ ಸೇರುವ ಮುನ್ನವೇ ವಿಚಾರಿಸಿ. ಡಿಪ್ಲೊಮಾವನ್ನು ಮುಂದೆ ಸಂಬಳದ ಹಣದಲ್ಲಿ, ದೂರಶಿಕ್ಷಣದ ಮೂಲಕ ಮಾಡಬಹುದು.