ಬಟ್ಟಲು ಬೇರೆ ಇಟ್ಟು ಯಾರನ್ನ ಕಾಪಾಡ್ತಿದ್ದೀರಿ?

ಪ್ರಶ್ನೆ: ನಂಗೆ 64, ಬದಿಯಡ್ಕ ಹತ್ರ. 2009ರಲ್ಲಿ ಗಲ್ಫ್ ಮೆಡಿಕಲ್‌ನಲ್ಲಿ ಅನ್‌ಫಿಟ್ ಆಗಿ ವಾಪಸ್ ಬಂದೆ, ಎಚ್‌ಐವಿ. ಊರಲ್ಲಿ ಕಂಪೆನಿ ಮುಚ್ಚಿತು ಹೇಳಿದ್ದೆ. ಹೆಂಡತಿಗೆ ಮಾತ್ರ ಗೊತ್ತಿತ್ತು, ಅವಳು ತೀರಿಹೋಗಿ ಎರಡು ವರ್ಷ. ಮಾತ್ರೆಗೆ ಮಂಗಳೂರಿಗೆ ಹೋಗ್ತೇನೆ, ಕಾಸರಗೋಡಲ್ಲಿ ಯಾರಾದ್ರೂ ಕಂಡ್ರೆ ಅಂತ. ವೈರಲ್ ಲೋಡ್, ಅಂದ್ರೆ ರಕ್ತದಲ್ಲಿರುವ ವೈರಸ್ ಲೆಕ್ಕ, ಎಷ್ಟೋ ವರ್ಷದಿಂದ ಟೆಸ್ಟಲ್ಲಿ ಕಾಣ್ತಿಲ್ಲ. ಆದ್ರೂ ಬಟ್ಟಲು, ಲೋಟ ಬೇರೆ ಇಟ್ಟಿದ್ದೇನೆ, ಮೊಮ್ಮಗಳನ್ನ ಎತ್ತಿಕೊಳ್ಳುದಿಲ್ಲ. ರಾತ್ರಿ 3ಕ್ಕೆ ಎಚ್ಚರ ಆದ್ರೆ ಮತ್ತೆ ನಿದ್ದೆ ಇಲ್ಲ. ಮಗನಿಗೆ ಹೇಳ್ಬೇಕಾ?

ಉತ್ತರ: ಬಟ್ಟಲಿಂದ ಹರಡ್ತದಾ ಅನ್ನುದಕ್ಕೆ ನಾನು ಇನ್ನು ಉತ್ತರ ಬರಿಯುದಿಲ್ಲ ಮಾರಾಯ್ರೆ, ಹದಿನೈದು ವರ್ಷ ಮಾತ್ರೆ ತಿಂದ ನಿಮ್ಗೆ ಹರಡುದಿಲ್ಲ ಅಂತ ನಂಗಿಂತ ಚೆನ್ನಾಗಿ ಗೊತ್ತುಂಟು. ಗೊತ್ತಿದ್ದೂ ಬೇರೆ ಇಟ್ಟಿದ್ದೀರಿ ಅಂದ್ರೆ ನಿಮ್ಗೆ ನೀವೇ ಶಿಕ್ಷೆ ಕೊಟ್ಕೊಳ್ತಿದ್ದೀರಿ, ಮೊಮ್ಮಗಳಿಗೋ ಅಜ್ಜನಿಗೆ ನನ್ನ ಮೇಲೆ ಸಿಟ್ಟು ಅಂತ ಕಾಣ್ತದೆ, ಅಷ್ಟೆ. ಇವತ್ತೇ ಎತ್ಕೊಳ್ಳಿ.

ನಿಮ್ಮ ಪತ್ರದಲ್ಲಿ ನಂಗೆ ತಾಗಿದ್ದು ಹೆಂಡತಿಯ ಮಾತು. ಹೋದದ್ದು ಹೆಂಡತಿ ಒಬ್ರೇ ಅಲ್ಲ, ಗುಟ್ಟು ಗೊತ್ತಿದ್ದ ಒಂದೇ ಒಂದು ಜನವೂ ಹೋಯ್ತು, ಮಾತ್ರೆ ತಗೊಂಡ್ರಾ ಅಂತ ಕೇಳುವವ್ರು ಯಾರೂ ಇಲ್ಲ. ವಯಸ್ಸಾದ ರೋಗಿಗಳಲ್ಲಿ ನಾನು ಮತ್ತೆ ಮತ್ತೆ ಕಾಣುದು ಇದೇ, ವೈರಸ್ ಮಲಗಿದೆ, ಇವ್ರು ಮಲಗುದಿಲ್ಲ.

ಹಾಗಾಗಿ ಒಬ್ರಿಗೆ ಹೇಳಿ. ಊರಿಗೆಲ್ಲ ಬೇಡ, ಪೆರ್ಲದಲ್ಲಿ ಆಡಿದ ಮಾತು ಬಸ್ಸಿಗಿಂತ ಮೊದ್ಲು ಕುಂಬಳೆಗೆ ಮುಟ್ತದೆ, ಈ ವಿಷಯದಲ್ಲಿ ನಾನು ಸ್ವಲ್ಪ ಹೆದರುಪುಕ್ಕಲಿಯೇ. ಮಗನಿಗೆ ಹೇಳುದಾದ್ರೆ ಫೋನಲ್ಲಿ ಬೇಡ, ಹಬ್ಬದ ದಿನ ಕಣ್ಣೀರು ಹಾಕ್ಕೊಂಡು ಬೇಡ, ರಜೆಗೆ ಬಂದಾಗ ಮಾತ್ರೆ ಕೊಡುವ ಸೆಂಟರಿಗೆ ಕರ್ಕೊಂಡು ಹೋಗಿ, ಕೌನ್ಸೆಲರ್ ಎದುರಲ್ಲಿ ರಿಪೋರ್ಟ್ ತೋರಿಸಿ. ಎಲ್ಲಿಂದ ಬಂತು ಅಂತ ಕೇಳಿದ್ರೆ ಉತ್ತರ ಕೊಡ್ಲೇಬೇಕು ಅಂತ ಇಲ್ಲ. ನಿಮ್ಮ ಒಪ್ಪಿಗೆ ಇಲ್ದೆ ಆಸ್ಪತ್ರೆಯವ್ರು ಬಾಯಿ ಬಿಡುವ ಹಾಗಿಲ್ಲ, 2017ರ ಎಚ್‌ಐವಿ ಕಾನೂನು ಉಂಟು. ಅಲ್ಲಿವರೆಗೆ ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ಫ್ರೀ.

ನಿದ್ದೆ ಬಾರದ್ದಕ್ಕೆ ಎರಡು ಕಾರಣ ಇರ್ಬಹುದು. ಡೊಲುಟೆಗ್ರಾವಿರ್ ಅನ್ನುವ ಎಚ್‌ಐವಿ ಮದ್ದು ಇರುವ ಮಾತ್ರೆ ಕೆಲವ್ರ ನಿದ್ದೆ ಕೆಡಿಸ್ತದೆ, ರಾತ್ರಿ ತಗೊಳ್ತಿದ್ರೆ ಬೆಳಿಗ್ಗೆಗೆ ಬದಲಿಸ್ಬಹುದಾ ಡಾಕ್ಟ್ರಲ್ಲಿ ಕೇಳಿ, ನೀವೇ ಬದಲಿಸ್ಬೇಡಿ. ಜೊತೆಗೆ ಊಟ ಸೇರುದಿಲ್ಲ, ತೋಟದ ಕಡೆ ಹೋಗ್ಲಿಕ್ಕೂ ಮನಸ್ಸಿಲ್ಲ ಅಂತಾದ್ರೆ ಅದು ಡಿಪ್ರೆಶನ್ ಇರ್ಬಹುದು, ಪ್ರಾಯ ಆದ್ರೆ ಹಾಗೆ ಅಂತ ಸುಮ್ನಿರ್ಬೇಡಿ, ಎಚ್‌ಐವಿ ಮಾತ್ರೆ ಜೊತೆ ತಗೊಳ್ಬಹುದಾದ ಮದ್ದು ಉಂಟು.

ಮಂಗಳೂರಿಗೆ ಹೋಗುದು ತಪ್ಪಲ್ಲ. ಆದ್ರೆ 2020ರಲ್ಲಿ ಕೊರೊನಾಕ್ಕೆ ತಲಪಾಡಿ ಗಡಿ ಬಂದ್ ಆದದ್ದು ನೆನಪುಂಟಲ್ಲ? ಕಾಸರಗೋಡಲ್ಲಿ ಎಚ್‌ಐವಿ ಮಾತ್ರೆ ಕೊಡುವ ಉಷಸ್ ಸೆಂಟರ್ ಕೂಡ ಮನಸ್ಸಲ್ಲಿರ್ಲಿ.

ಪ್ರಶ್ನೆ: 48 ದಿನದ ಕಷಾಯದಲ್ಲಿ ಎಚ್‌ಐವಿ ಪೂರ್ತಿ ಗುಣ ಆಗ್ತದಂತೆ?

ಉತ್ತರ: ಇಲ್ಲ. ಕಷಾಯ ನಂಬಿ ಮಾತ್ರೆ ಬಿಟ್ಟವ್ರ ವೈರಲ್ ಲೋಡ್ ಏರಿದ್ದು ನಾನು ನೋಡಿದ್ದೇನೆ, ಕಷಾಯ ಕೊಟ್ಟವ ಆ ರಿಪೋರ್ಟ್ ನೋಡ್ಲಿಕ್ಕೆ ಬರುದಿಲ್ಲ.

ಪ್ರಶ್ನೆ: ಶುಗರ್‌ಗೆ ಮೆಟ್‌ಫಾರ್ಮಿನ್ ತಗೊಳ್ತೇನೆ, ಎರಡೂ ಡಾಕ್ಟ್ರಿಗೆ ಹೇಳ್ಬೇಕಾ?

ಉತ್ತರ: ಹೇಳ್ಲೇಬೇಕು. ಡೊಲುಟೆಗ್ರಾವಿರ್ ಜೊತೆ ಮೆಟ್‌ಫಾರ್ಮಿನ್ ರಕ್ತದಲ್ಲಿ ಏರ್ತದೆ, ಡೋಸ್ ನೋಡ್ಬೇಕಾಗ್ತದೆ.

ಪ್ರಶ್ನೆ: ಸೊಳ್ಳೆ ಕಚ್ಚಿದ್ರೆ ಎಚ್‌ಐವಿ ಬರ್ತದಾ?

ಉತ್ತರ: ತುರಿಸ್ತದೆ, ಅಷ್ಟೆ.