ಓದುಗರ ಪ್ರಶ್ನೆ: ದೋಣಿಗೆ ಸ್ಪೇರ್ ಪ್ರೊಪೆಲ್ಲರ್ ಯಾವುದು?

ಪ್ರಶ್ನೆ: ಗೊರೂರು ಹಿನ್ನೀರಿನಲ್ಲಿ ಮೀನು ಹಿಡಿಯುತ್ತೇವೆ. ಹದಿನಾಲ್ಕು ಅಡಿಯ ಫೈಬರ್ ದೋಣಿ, 9.9 ಎಚ್‌ಪಿ ಔಟ್‌ಬೋರ್ಡ್ ಎಂಜಿನ್, ಎರಡನ್ನೂ ಮಂಗಳೂರು ಕಡೆಯಿಂದ ಸೆಕೆಂಡ್ ಹ್ಯಾಂಡ್ ತಂದದ್ದು. ನೀರು ಇಳಿದಾಗ ಮರದ ಮೋಟಿಗೆ ತಾಗಿ ಪ್ರೊಪೆಲ್ಲರಿನ ಒಂದು ರೆಕ್ಕೆ ತುದಿ ಮುರಿದಿದೆ. ಹೊಸದು ತಂದು, ಇನ್ನೊಂದು ಸ್ಪೇರ್ ಕೂಡ ಇಟ್ಟುಕೊಳ್ಳಬೇಕು. ಅಂಗಡಿಯವರು ಸ್ಟೀಲಿನದು ತಗೊಳ್ಳಿ, ಪಿಚ್ ಜಾಸ್ತಿ ಇದ್ದರೆ ಸ್ಪೀಡ್ ಬರುತ್ತೆ ಅನ್ನುತ್ತಾರೆ. ಸರೀನಾ ಸರ್?
— ಓದುಗರು, ಹಾಸನ ತಾಲ್ಲೂಕು

ಉತ್ತರ: ನಿಮ್ಮ ದೋಣಿಗೆ ಸ್ಟೀಲು, ಜಾಸ್ತಿ ಪಿಚ್ ಎರಡೂ ಬೇಡ. ಅಲ್ಯೂಮಿನಿಯಂದೇ ತಗೊಳ್ಳಿ, ಮೂರು ರೆಕ್ಕೆಯದು. ಸ್ಪೇರ್‌ನ ಪಿಚ್ ಈಗಿರುವುದಕ್ಕಿಂತ ಒಂದು ಇಂಚು ಕಡಿಮೆ ಇರಲಿ.

ಮೊದಲು ಹಳೆಯ ಪ್ರೊಪೆಲ್ಲರ್ ಬಿಚ್ಚಿ ಅದರ ಮೇಲಿನ ಅಂಕಿ ನೋಡಿ. 9¼ × 9 ಅಂತಿದ್ದರೆ, ಮೊದಲನೆಯದು ಅಡ್ಡಳತೆ, ಎರಡನೆಯದು ಪಿಚ್, ಎರಡೂ ಇಂಚಿನಲ್ಲಿ. ಪಿಚ್ ಅಂದರೆ ಪ್ರೊಪೆಲ್ಲರ್ ಒಂದು ಸುತ್ತು ತಿರುಗಿದಾಗ, ನೀರು ಜಾರದೇ ಇದ್ದರೆ, ದೋಣಿ ಮುಂದೆ ಹೋಗಬೇಕಾದ ದೂರ. ಪಿಚ್ ಜಾಸ್ತಿ ಆದಷ್ಟೂ ಎಂಜಿನ್‌ಗೆ ಭಾರ ಜಾಸ್ತಿ. ಖಾಲಿ ದೋಣಿಯಲ್ಲಿ ಒಬ್ಬರೇ ಹೋದರೆ ಸ್ಪೀಡ್ ಸಿಗಬಹುದು. ಆದರೆ ಒದ್ದೆ ಬಲೆ, ಐಸ್ ಪೆಟ್ಟಿಗೆ, ಕಾಟ್ಲಾ, ರೋಹು ತುಂಬಿಕೊಂಡು ಇಬ್ಬರು ವಾಪಸ್ ಬರುವಾಗ ಎಂಜಿನ್ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು ಅನ್ನುವುದು) ಏರದೆ ತಿಣುಕುತ್ತದೆ, ಬಿಸಿಯಾಗುತ್ತದೆ, ಪೆಟ್ರೋಲ್ ಸುಮ್ನೆ ಹೋಗುತ್ತದೆ.

ಇನ್ನೊಂದು ವಿಷಯ, ಇದನ್ನು ಅಂಗಡಿಯವರು ಹೇಳುವುದೇ ಇಲ್ಲ. ನಿಮ್ಮ ಎಂಜಿನ್ ಸಮುದ್ರ ಮಟ್ಟದಿಂದ ಬಂದದ್ದು. ಗೊರೂರಿನ ಹೇಮಾವತಿ ಜಲಾಶಯದ ಗರಿಷ್ಠ ಮಟ್ಟವೇ 2922 ಅಡಿ. ಸಾವಿರ ಅಡಿ ಮೇಲೆ ಹೋದಂತೆ ಎಂಜಿನ್ ಶಕ್ತಿ ಸುಮಾರು ಶೇ 3ರಷ್ಟು ಇಳಿಯುತ್ತದೆ, ಗಾಳಿ ತೆಳುವಾಗುತ್ತದಲ್ವಾ. ಅಂದರೆ ಮಂಗಳೂರಿನಲ್ಲಿ ಸರಿಯಾಗಿದ್ದ ಪ್ರೊಪೆಲ್ಲರ್ ಗೊರೂರಿನಲ್ಲಿ ಆಗಲೇ ಸ್ವಲ್ಪ ಭಾರ. ಅದರ ಮೇಲೆ ಪಿಚ್ ಏರಿಸುವುದು ಬೇಡವೇ ಬೇಡ. ಒಂದು ಇಂಚು ಪಿಚ್ ಇಳಿಸಿದರೆ ಆರ್‌ಪಿಎಂ ಸುಮಾರು 150ರಿಂದ 200 ಏರುತ್ತದೆ.

ಸರಿಯಿದೆಯೋ ಇಲ್ಲವೋ ನೋಡುವುದು ಹೀಗೆ: ದಿನನಿತ್ಯದ ಭಾರ ಹಾಕಿಕೊಂಡು ಥ್ರಾಟಲ್ ಪೂರ್ತಿ ಕೊಡಿ. ಆರ್‌ಪಿಎಂ ನಿಮ್ಮ ಎಂಜಿನ್‌ನ ಮ್ಯಾನ್ಯುಯಲ್‌ನಲ್ಲಿ ಹೇಳಿದ ಮಿತಿಯ ಒಳಗೆ, ಮೇಲಿನ ತುದಿಯ ಹತ್ತಿರ ಇರಬೇಕು. ಕಡಿಮೆ ಬಂದರೆ ಪಿಚ್ ಇಳಿಸಿ, ಮಿತಿ ಮೀರಿದರೆ ಏರಿಸಿ. ಮೀಟರ್ ಇಲ್ಲದಿದ್ದರೆ ಸ್ಪಾರ್ಕ್ ಪ್ಲಗ್ ವೈರಿಗೆ ಸುತ್ತುವ ಚಿಕ್ಕ ಟ್ಯಾಕೋಮೀಟರ್ ಸಿಗುತ್ತದೆ.

ಇನ್ನು ಸ್ಟೀಲ್. ಅದು ಗಟ್ಟಿ, ನಿಜ, ಮತ್ತು ಅದೇ ತೊಂದರೆ. ಹಿನ್ನೀರಿನಲ್ಲಿ ಮುಳುಗಿರುವ ಮೋಟು, ಹಳೆ ಗೋಡೆ, ಬಂಡೆಗಳು ನೀರು ಇಳಿದಾಗ ಎಲ್ಲಿ ಸಿಗುತ್ತವೆ ಅಂತ ಹೇಳಲಾಗದು, ಇದೇ ಹಿನ್ನೀರಿನಲ್ಲಿ ಮುಳುಗುವ ಶೆಟ್ಟಿಹಳ್ಳಿ ಚರ್ಚಿನ ಸುತ್ತಮುತ್ತ ನೋಡಿದರೇ ಗೊತ್ತಾಗುತ್ತದೆ. ಅಲ್ಯೂಮಿನಿಯಂ ರೆಕ್ಕೆ ಬಾಗಿ ಅಥವಾ ಮುರಿದು ಏಟನ್ನು ತಾನೇ ತಗೊಳ್ಳುತ್ತದೆ. ಸ್ಟೀಲ್ ಬಾಗುವುದು ಕಡಿಮೆ, ಏಟು ಒಳಗಿನ ಗೇರಿಗೂ ಶಾಫ್ಟಿಗೂ ಹೋಗುತ್ತದೆ. ಗೇರ್‌ಬಾಕ್ಸ್ ರಿಪೇರಿಗಿಂತ ಪ್ರೊಪೆಲ್ಲರ್ ಎಷ್ಟೋ ಅಗ್ಗ.

ಕೊಳ್ಳುವಾಗ ಎಂಜಿನ್‌ನ ಕಂಪನಿ, ಮಾಡೆಲ್ ಹೇಳಿ, ಒಳಗಿನ ಹಲ್ಲುಗಳ ಸಂಖ್ಯೆ ಎಣಿಸಿ ಹೋಲಿಸಿ. 9.9 ಎಚ್‌ಪಿ ಅಂದ ಮಾತ್ರಕ್ಕೆ ಎಲ್ಲವೂ ಕೂರುವುದಿಲ್ಲ. ತುದಿ ಮುರಿದದ್ದನ್ನು ಹಾಗೇ ಓಡಿಸಬೇಡಿ, ಅದು ನಡುಗಿಸಿ ಬೇರಿಂಗ್ ಮತ್ತು ಸೀಲ್ ಹಾಳು ಮಾಡುತ್ತದೆ.

ಸ್ಪೇರ್ ಜೊತೆ ನಟ್, ವಾಷರ್, ಎರಡು ಮೂರು ಸ್ಪ್ಲಿಟ್ ಪಿನ್, ಸರಿಯಾದ ಸ್ಪ್ಯಾನರ್, ಇಕ್ಕಳ, ನೀರಿಗೆ ಕರಗದ ಗ್ರೀಸ್, ಇವೆಲ್ಲ ಒಂದೇ ಡಬ್ಬಿಯಲ್ಲಿ ದೋಣಿಯಲ್ಲೇ ಇರಲಿ. ಪಿನ್ ಇಲ್ಲದೆ ಪ್ರೊಪೆಲ್ಲರ್ ಇದ್ದೂ ಉಪಯೋಗವಿಲ್ಲ. ಬಿಚ್ಚುವ ಮೊದಲು ಎಂಜಿನ್ ಆಫ್ ಮಾಡಿ, ಪ್ಲಗ್ ವೈರ್ ತೆಗೆಯಿರಿ. ಇದರಲ್ಲಿ ಅವಸರ ಮಾಡಬೇಡಿ, ಕೈಬೆರಳಿನ ವಿಷಯ.

ಮತ್ತೊಂದು ಪ್ರಶ್ನೆ: ಎಂಜಿನ್ ಜೋರಾಗಿ ಓಡುತ್ತದೆ, ದೋಣಿ ಮಾತ್ರ ಮುಂದೆ ಹೋಗುವುದಿಲ್ಲ. ಯಾಕೆ?

ಉತ್ತರ: ಪ್ರೊಪೆಲ್ಲರ್ ನಡುವಿನ ರಬ್ಬರ್ ಬುಷ್ ಜಾರುತ್ತಿರಬಹುದು. ಒಳಗಿನ ಲೋಹದಿಂದ ಹೊರಗಿನ ಲೋಹಕ್ಕೆ ಪೇಂಟಿನಲ್ಲಿ ಒಂದು ಗೆರೆ ಎಳೆದು ಸ್ವಲ್ಪ ಓಡಿಸಿ. ಗೆರೆ ತಪ್ಪಿದರೆ ಬುಷ್ ಹೋಗಿದೆ. ನಿಧಾನವಾಗಿ ದಡ ಸೇರಿ. ಚಿಕ್ಕ ಎಂಜಿನ್ ಆದರೆ ಶಿಯರ್ ಪಿನ್ (ಏಟು ಬಿದ್ದಾಗ ತಾನೇ ತುಂಡಾಗುವ ಪಿನ್) ತುಂಡಾಗಿದೆಯಾ ನೋಡಿ. ಬಿಚ್ಚಿದಾಗ ಶಾಫ್ಟಿಗೆ ಬಲೆಯ ದಾರ ಸುತ್ತಿದ್ದರೆ ಪೂರ್ತಿ ತೆಗೆಯಿರಿ, ಅದು ಸೀಲ್ ಕತ್ತರಿಸಿ ಗೇರ್ ಆಯಿಲ್‌ಗೆ ನೀರು ಬಿಡುತ್ತದೆ. ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಸೀಲ್ ಬದಲಿಸದೆ ನೀರಿಗೆ ಇಳಿಸಬೇಡಿ.